ಬಂಡೆಯ ಮೇಲಿನ ಎಳ್ಳುನೀಲಿ

ಬೆಟ್ಟದ ನೆತ್ತಿಗಿಂತ ತುಸು ಕೆಳಗೆ, ಕಾಡಿನ ನಡುವೆ, ಕೋಡುಬಂಡೆ ಅಂತ ಒಂದು ಊರಿತ್ತು. ಊರು ಅಂದರೆ ದೊಡ್ಡದೇನಲ್ಲ ಮಕ್ಕಳೇ. ಒಂದು ಹುಂಜ ಕೂಗಿದರೆ ಎಲ್ಲ ಮನೆಗೂ ಬೆಳಗಾಗುತ್ತಿತ್ತು, ಅಷ್ಟೇ. ರಾಗಿ, ಅವರೆ, ಹುಚ್ಚೆಳ್ಳು ಬೆಳೆದುಕೊಂಡು, ನಾಲ್ಕಾರು ಆಡು ಕಟ್ಟಿಕೊಂಡು ಬದುಕುತ್ತಿದ್ದ ಜನ. ಅವರಿಗೆ ಎಲ್ಲ ಇತ್ತು, ನೀರೊಂದು ಬಿಟ್ಟು. ಹೊಳೆ ಇಲ್ಲ, ಕೆರೆ ಇಲ್ಲ. ಬಾವಿ ತೋಡೋಣ ಅಂದರೆ ಗುದ್ದಲಿ ಇಟ್ಟಲ್ಲೆಲ್ಲ ಕಲ್ಲು.

ಊರಿನ ಮೇಲುಗಡೆ ಒಂದು ದೊಡ್ಡ ಹಾಸುಬಂಡೆ ಇತ್ತು. ದೂರದಿಂದ ನೋಡಿದರೆ ಆನೆಯ ಹಿಂಡು ಮಲಗಿದ ಹಾಗೆ. ಅದರ ಹೊಟ್ಟೆಯೊಳಗಿಂದ ಎಲ್ಲೋ ಒಂದು ಕಡೆ ನೀರು ಜಿನುಗುತ್ತಿತ್ತು. ಜಿನುಗುವ ಕಡೆ ಬಂಡೆಯ ಬುಡದ ಮಣ್ಣು ಬಗೆದು ಗುಂಡಿ ಮಾಡಿದರೆ ಅದೇ ಊರಿಗೆಲ್ಲ ಒರತೆ. ಕುಡಿಯುವುದಕ್ಕೂ ಅದೇ, ಆಡಿಗೂ ಅದೇ, ಬಾಣಂತಿಗೆ ಎರೆಯುವುದಕ್ಕೂ ಅದೇ.

ಆದರೆ ಆ ನೀರಿಗೆ ಒಂದು ಚಾಳಿ. ಮರಿ ಹಾಕಿದ ಬೆಕ್ಕಿನ ಹಾಗೆ ಜಾಗ ಬದಲಿಸುತ್ತಿತ್ತು. ಒಂದಷ್ಟು ವರ್ಷ ಇಲ್ಲಿ, ಆಮೇಲೆ ಸದ್ದಿಲ್ಲದೆ ಇನ್ನೆಲ್ಲೋ. ಎಲ್ಲಿಗೆ ಹೋಯಿತು ಅಂತ ಬಂಡೆ ಹೇಳುವುದಿಲ್ಲ. ಹೇಳುತ್ತಿದ್ದದ್ದು ಒಂದು ಹೂವು.

ಆ ಹೂವಿಗೆ ಎಳ್ಳುನೀಲಿ ಅಂತ ಹೆಸರು. ಎಳ್ಳಿಗಿಂತ ಒಂದು ಕೂದಲು ದಪ್ಪ ಇದ್ದೀತು. ದಂಟು ಅಂದರೆ ನೂಲಿನ ಎಳೆ. ನಿಂತುಕೊಂಡು ನೋಡಿದರೆ ಕಾಣುವುದಿಲ್ಲ. ಮಂಡಿಯೂರಬೇಕು, ಬಾಗಬೇಕು, ಉಸಿರು ಬಿಗಿ ಹಿಡಿಯಬೇಕು. ಇಲ್ಲದಿದ್ದರೆ ನಮ್ಮ ಉಸಿರಿಗೇ ಅದು ತೊನೆದು ಕಣ್ಣು ತಪ್ಪಿಸುತ್ತದೆ. ಮಳೆಗಾಲ ಮುಗಿದು ದೀಪಾವಳಿ ಕಳೆಯಿತು ಅಂದರೆ ಬಂಡೆಯೆಲ್ಲ ಒಣಗುತ್ತದೆ. ಒಳಗೆ ನೀರಿನ ಸೆಲೆ ಇರುವ ಕಡೆ ಮಾತ್ರ, ಕೆಲಸ ಮಾಡಿದವರ ಹಣೆಯ ಹಾಗೆ, ಸಣ್ಣಗೆ ಬೆವರು. ಆ ಬೆವರಿನ ಮೇಲೆ ಎಳ್ಳುನೀಲಿ ಅರಳುತ್ತದೆ. ಶಿವರಾತ್ರಿಯ ಬಿಸಿಲು ಬಂತೋ, ಸುಟ್ಟು ಹೋಗುತ್ತದೆ. ಆಮೇಲೆ ಇಡೀ ಬಂಡೆಗೆ ಒಂದೇ ಬಣ್ಣ. ಅಷ್ಟರೊಳಗೆ ಹೂ ಇದ್ದ ಕಡೆ ಕಲ್ಲು ಪೇರಿಸಿ ಗುರುತು ಇಡಬೇಕು. ಬೇಸಗೆಯಲ್ಲಿ ಹಳೆಯ ಗುಂಡಿ ಬತ್ತಿದರೆ ಗುರುತಿನ ಬುಡದಲ್ಲಿ ಹೊಸ ಗುಂಡಿ. ಗುರುತು ಇಟ್ಟವರಿಗೆ ನೀರು, ಇಡದವರಿಗೆ ಬರೀ ಬಂಡೆ.

ಹೂ ನೋಡುವ ಕೆಲಸ ಒಂದೇ ಮನೆಯದು. ಆ ಮನೆಯ ಹಿರಿಯಳು ಜಡೆಮಾದಮ್ಮ. ಅವಳಿಗೆ ಅವಳ ಅತ್ತೆ ಹೇಳಿಕೊಟ್ಟದ್ದು, ಆ ಅತ್ತೆಗೆ ಅವಳ ಅತ್ತೆ. ಉಳಿದವರು ಬಂಡೆ ಹತ್ತುತ್ತಿರಲಿಲ್ಲ. ಜಡೆಮಾದಮ್ಮ ನೋಡುತ್ತಾಳಲ್ಲ ಅಂತ.

ಮುಪ್ಪಿಗೆ ಜಡೆಮಾದಮ್ಮನ ಎರಡು ಕಣ್ಣಿಗೂ ಪೊರೆ ಬಂತು. ಹಗಲು ಯಾವುದು ಇರುಳು ಯಾವುದು ಅನ್ನುವಷ್ಟು ಮಾತ್ರ ಗೊತ್ತಾಗುತ್ತಿತ್ತು. ಅದೇ ವರ್ಷ ಅವಳ ಮಗ ಕೆಂಡಗಣ್ಣ ಕೆಳನಾಡಿನಿಂದ ಹೆಣ್ಣು ತಂದ. ಹೆಸರು ಚೆನ್ನಾಜಿ. ಮುದುಕಿ ಹೊಸ ಸೊಸೆಯ ಕೈ ಹಿಡಿದುಕೊಂಡು, ಕಾಲಿನಲ್ಲೇ ದಾರಿ ತಡವುತ್ತ ಬಂಡೆ ಹತ್ತಿ, ಇಲ್ಲಿ ಮಂಡಿಯೂರು, ಇಲ್ಲಿ ಬಾಗು ಅಂತ ತೋರಿಸಿಕೊಟ್ಟಳು. ನೀರು ಎಲ್ಲಿಗೆ ಹೋಗುತ್ತದೋ ಅಲ್ಲಿಗೆ ಹೂ ಹೋಗುತ್ತದೆ, ಒರತೆಯ ಹತ್ತಿರ ಕಾಣದಿದ್ದರೆ ಬಂಡೆಯನ್ನೆಲ್ಲ ಹುಡುಕಬೇಕು ಅಂತ ಬಿಡಿಸಿ ಹೇಳಿದಳು.

ಚೆನ್ನಾಜಿಯ ತವರಿನಲ್ಲಿ ಹೂ ಅಂದರೆ ಕುಕ್ಕೆಗಟ್ಟಲೆ ಸೇವಂತಿಗೆ, ಮಾರುಗಟ್ಟಲೆ ಕನಕಾಂಬರ. ಅವಳು ಆವತ್ತು ಮನೆಗೆ ಬಂದವಳೇ ಗಂಡನ ಹತ್ತಿರ ಮೆಲ್ಲಗೆ ಅಂದಳು: "ಅದನ್ನೂ ಹೂವು ಅಂತೀರಲ್ಲ. ಇರುವೆ ಮುಡಿಯೋಕೂ ಸಾಲದು."

ಕಣ್ಣು ಹೋದವರಿಗೆ ಕಿವಿ ಚುರುಕು. ಜಡೆಮಾದಮ್ಮ ಒಲೆಯ ಮುಂದಿನಿಂದಲೇ ನಕ್ಕಳು. "ಇರುವೆ ಮುಡ್ಕೊಂಡಿದ್ರೂ ಸರಿಯೇ, ನೋಡ್ಕೊಂಡು ಬಂದು ನಂಗೆ ಹೇಳವ್ವ."

ಆ ಮನೆಯಲ್ಲಿ ಒಂದು ಪದ್ಧತಿ ಇತ್ತು. ನೀರು ತಂದವಳು ಹೊಸಿಲ ಹೊರಗೆ ನಿಲ್ಲಬೇಕು. ತುಂಬಿದ ಕೊಡ ತಲೆಯ ಮೇಲೆಯೇ ಇರಬೇಕು. ಒಳಗಿನಿಂದ ಹಿರಿಯಳು ಕೇಳುತ್ತಾಳೆ, "ಯಾವ ಹೂ ಕಂಡೆ ಮಗ?" ಕಂಡದ್ದನ್ನು ಹೇಳಿ ಆಮೇಲೆ ಕೊಡ ಇಳಿಸಬೇಕು. ತಲೆಯ ಮೇಲೆ ಭಾರ ಇರುವಾಗ ಯಾರೂ ಕತೆ ಕಟ್ಟುವುದಿಲ್ಲ ಅಂತ ಹಿಂದಿನವರ ಎಣಿಕೆ. ಹಿಂದಿನವರು ಒಳ್ಳೆಯವರು. ಕತ್ತು ನೋಯುವವರು ಏನು ಬೇಕಾದರೂ ಹೇಳಿಯಾರು ಅಂತ ಅವರಿಗೆ ಹೊಳೆಯಲಿಲ್ಲ.

ಮೊದಲ ವರ್ಷ ಚೆನ್ನಾಜಿ ನಿಯತ್ತಾಗಿ ನೋಡಿದಳು. ಖಾಲಿ ಕೊಡ ಪಕ್ಕಕ್ಕಿಟ್ಟು, ಸೆರಗು ಸಿಕ್ಕಿಸಿ, ಮಂಡಿಯೂರಿ ನೋಡಿದಳು. ಮೊದಮೊದಲು ಏನೂ ಕಾಣಲಿಲ್ಲ. ಆಮೇಲೆ ಕಣ್ಣು ಪಳಗಿತು. ಪಳಗಿದ ಮೇಲೆ ನೋಡಿದಲ್ಲೆಲ್ಲ ಹೂವೇ. ಕಲ್ಲಿಗೆ ಅಂಟಿದ ಹಸಿರು ಹಾವಸೆಯ ಮೇಲೆ ರಾಗಿ ನುಚ್ಚಿನಂಥ ಬಿಳಿಯದು, ಕಲ್ಲಿನ ಸಂದಿಯಲ್ಲಿ ಅರಿಸಿನ ಚೆಲ್ಲಿದ ಹಾಗೆ ಹಳದಿಯದು, ಮರದ ಬುಡದಲ್ಲಿ ಕುಂಕುಮದ ಚಿಟಿಕೆಯಂಥದು, ಎಲ್ಲಕ್ಕೂ ಮೇಲೆ, ಒದ್ದೆ ಬಂಡೆಯ ಮೇಲೆ, ಎಳ್ಳುನೀಲಿ. ಅಯ್ಯೋ, ಇಷ್ಟು ದಿನ ಇದನ್ನೆಲ್ಲ ತುಳಿದುಕೊಂಡು ಓಡಾಡಿದೆನಲ್ಲ ಅಂತ ಅವಳಿಗೇ ಅನ್ನಿಸಿತು. ಬಂದು ಹೊಸಿಲಲ್ಲಿ ನಿಂತು ಒಂದೊಂದಾಗಿ ಹೇಳುತ್ತಿದ್ದಳು. ಮುದುಕಿ ರಾಗಿ ಬೀಸುವುದನ್ನು ನಿಲ್ಲಿಸಿ ಬಾಯಿ ತೆರೆದುಕೊಂಡು ಕೇಳುತ್ತಿದ್ದಳು, ಮಕ್ಕಳು ಕತೆ ಕೇಳುವ ಹಾಗೆ.

ಮಾರನೆ ವರ್ಷ ಚೆನ್ನಾಜಿಗೆ ಒಂದು ಹೆಣ್ಣುಕೂಸು ಹುಟ್ಟಿತು. ಕೂಸು ಅಂದರೆ ಗೊತ್ತಲ್ಲ. ತೊಟ್ಟಿಲು ಕಣ್ಣು ಮುಚ್ಚಿದರೆ ಒಲೆ ಕಣ್ಣು ಬಿಡುತ್ತದೆ, ಒಲೆ ತಣ್ಣಗಾದರೆ ಆಡು ಅರಚುತ್ತದೆ. ದೀಪಾವಳಿ ಕಳೆದು ಹೂ ನೋಡಬೇಕಾದ ಮೊದಲ ಬೆಳಗ್ಗೆ ಅವಳು ಒರತೆಯಲ್ಲಿ ಕೊಡ ತುಂಬಿದಳು. ಹೂವಿನ ಜಾಗಕ್ಕೆ ಇನ್ನೂ ಸ್ವಲ್ಪ ಮೇಲೆ ಹತ್ತಬೇಕು. ಕೆಳಗೆ ಕೂಸು ಅತ್ತ ಹಾಗಾಯಿತು. ಎದೆಯಲ್ಲಿ ಹಾಲು ಒಸರಿತು. ನಾಳೆ ನೋಡಿದರಾಯಿತು ಅಂತ ದಡದಡ ಇಳಿದು ಬಂದಳು.

"ಯಾವ ಹೂ ಕಂಡೆ ಮಗ?"

ಕತ್ತು ನೋಯುತ್ತಿತ್ತು. ನೋಡಲಿಲ್ಲ ಅಂದರೆ ಮುದುಕಿ ಮತ್ತೆ ಹತ್ತಿಸಿಯಾಳು. "ಎಳ್ಳುನೀಲಿ ಅತ್ತೆ," ಅಂದಳು. "ಹೋದ ವರ್ಷ ಇದ್ದಲ್ಲೇ ಅದೆ."

ಕೊಡ ಇಳಿಸಿದಳು. ಬಂಡೆ ಉರುಳಲಿಲ್ಲ. ಕೂಸು ಹಾಲು ಕುಡಿದು ಮಲಗಿತು. ಮುದುಕಿ ಸಂತೋಷವಾಗಿ ಬೀಸುಕಲ್ಲು ತಿರುಗಿಸಿದಳು.

ಒಂದು ದಿನ ತಪ್ಪಿಸಿದವಳಿಗೆ ಎರಡನೆಯ ದಿನ ಇನ್ನೂ ಸಲೀಸು. ನಿಜದ ಹೂವಿಗೆ ಇಬ್ಬನಿ ಬೇಕು, ತಂಪು ಬೇಕು, ಕಾಲ ಕೂಡಿ ಬರಬೇಕು. ಸುಳ್ಳಿನ ಹೂವಿಗೆ ನಾಲಿಗೆ ಸಾಕು. ಚೆನ್ನಾಜಿಯ ನಾಲಿಗೆಯ ಮೇಲೆ ದಿನಾ ಹೂ ಅರಳಿತು. ದಟ್ಟವಾಗಿ ಅರಳಿದೆಯಾ ಅಂತ ಮುದುಕಿ ಕೇಳಿದರೆ, ಕಂಬಳಿ ಹಾಸಿದಂಗೆ ಅದೆ ಅನ್ನುವಳು. ಬಣ್ಣ ಕಡುವೋ ತಿಳಿಯೋ ಅಂದರೆ, ನವಿಲಿನ ಕತ್ತಿನಂಗೆ ಅನ್ನುವಳು. ಕೇಳಿ ಕೇಳಿ ಜಡೆಮಾದಮ್ಮನ ಮುಖ ಅರಳುತ್ತಿತ್ತು. ಆ ಮುಖ ನೋಡಿದ ಮೇಲೆ, ತಾನು ಮಾಡುತ್ತಿರುವುದು ತಪ್ಪು ಅಂತ ಕೂಡ ಚೆನ್ನಾಜಿಗೆ ಅನ್ನಿಸುವುದು ನಿಂತು ಹೋಯಿತು.

ಮುದುಕಿ ಓಣಿಯವರ ಮುಂದೆಲ್ಲ ಹೇಳಿಕೊಂಡಳು. "ನನ್ನ ಕಣ್ಣು ಹೋಯ್ತು ಅಂದೋರು ಯಾರು? ನೋಡಿ, ನನ್ನ ಸೊಸೆಯ ಮುಖದಾಗೆ ಕುಂತವೆ." ಊರಿನ ಹಿರಿಯ ಗುರುಬಸವಯ್ಯ ದಾರಿಯಲ್ಲಿ ಸಿಕ್ಕಾಗಲೆಲ್ಲ, ನೀರು ಹೆಂಗವ್ವ ಅನ್ನುತ್ತಿದ್ದ. ಇದ್ದಲ್ಲೇ ಅದೆ ಅಂತ ಮುದುಕಿ ಹೇಳುತ್ತಿದ್ದಳು. ಊರು ನೆಮ್ಮದಿಯಾಗಿ ಅಂಬಲಿ ಕುಡಿಯುತ್ತಿತ್ತು.

ಆ ವರ್ಷ ನೀರು ಇದ್ದಲ್ಲಿ ಇರಲಿಲ್ಲ. ಬಂಡೆಯ ಒಳಗೆ ಏನು ಸರಿಯಿತೋ, ಯಾವ ಬೇರು ಎಲ್ಲಿ ತೂರಿತೋ. ಎಳ್ಳುನೀಲಿ ಬೇರೆಲ್ಲೋ ಅರಳಿ, ಯಾರೂ ಬರದೆ, ಯಾರೂ ಬಾಗದೆ, ಶಿವರಾತ್ರಿಯ ಬಿಸಿಲಿಗೆ ಸುಟ್ಟು ಹೋಯಿತು.

ಬೇಸಗೆ ಬಂತು. ಮೊದಲು ಕೊಡ ತುಂಬುವುದಕ್ಕೆ ಒಂದು ಎಲೆಅಡಿಕೆ ಅಗಿಯುವಷ್ಟು ಹೊತ್ತು ಹಿಡಿಯಿತು. ಆಮೇಲೆ ಹೆಂಗಸರು ಗುಂಡಿಯೊಳಗೆ ಇಳಿದು ತೆಂಗಿನ ಚಿಪ್ಪಿನಲ್ಲಿ ಮೊಗೆಯಬೇಕಾಯಿತು. ಆಮೇಲೆ ಚಿಪ್ಪಿನಲ್ಲಿ ಬಂದದ್ದು ಕೆಸರು.

ಊರವರೆಲ್ಲ ಜಡೆಮಾದಮ್ಮನ ಜಗಲಿಗೆ ಬಂದರು. ಎಲ್ಲಿ ಬಗೆಯೋಣ ಹೇಳವ್ವ ಅಂದರು. ಮುದುಕಿಗೆ ಗಾಬರಿಯೇ ಇಲ್ಲ. ನೀಲಿ ಹಳೇ ಜಾಗದಲ್ಲೇ ಅಂತ ನಮ್ಮ ಚೆನ್ನಾಜಿ ದಿನಾ ನೋಡಿ ಹೇಳಿದ್ದಾಳೆ, ಸೆಲೆ ಆಳಕ್ಕೆ ಇಳಿದಿರಬೇಕು, ಅದೇ ಗುಂಡಿ ಇನ್ನೂ ಇಳಿಸಿ ಅಂದಳು.

ಕೆಂಡಗಣ್ಣ ಹಾರೆ ಹೆಗಲಿಗೇರಿಸಿದವನು ಒಂದು ಗಳಿಗೆ ನಿಂತ. ಹೆಂಡತಿಯ ಕಡೆ ತಿರುಗಿದ. "ನೀನು ಕಣ್ಣಾರೆ ಕಂಡಿದ್ದೆ ತಾನೆ?"

ಕೇಳಿ ಮಕ್ಕಳೇ. ಇನ್ನೂ ಕಾಲ ಮಿಂಚಿರಲಿಲ್ಲ. ಬೆಳಗಿನ ತಂಪಿನಲ್ಲಿ ಬಂಡೆಯನ್ನು ಮುಟ್ಟಿ ನೋಡಿದ್ದರೆ ಎಲ್ಲೋ ಒಂದು ಕಡೆ ತೇವ ಸಿಕ್ಕುತ್ತಿತ್ತು. ಇಲ್ಲ, ನಾನು ನೋಡಿರಲಿಲ್ಲ, ಅಂತ ಅವಳು ಒಂದು ಮಾತು ಅಂದಿದ್ದರೆ ಊರೆಲ್ಲ ಬಂಡೆಯ ಮೇಲೆ ಹರಡಿಕೊಂಡು ಹುಡುಕುತ್ತಿತ್ತು. ಬೈಗುಳ ತಿನ್ನುತ್ತಿದ್ದಳು, ನಾಲ್ಕು ದಿನ. ಆದರೆ ಊರಿಗೆ ಊರೇ ಅವಳ ಬಾಯಿ ನೋಡುತ್ತಿತ್ತು. ಅತ್ತೆ ಹೆಮ್ಮೆಯಿಂದ ಗಲ್ಲ ಎತ್ತಿಕೊಂಡು ಕೂತಿದ್ದಳು. ಅಗೆದರೆ ನೀರು ಬಂದರೂ ಬರಬಹುದು, ಬಂದರೆ ಯಾರಿಗೂ ಗೊತ್ತೇ ಆಗುವುದಿಲ್ಲ, ಅಂತ ಅವಳ ಮನಸ್ಸು ಅವಳ ಕಿವಿಯಲ್ಲೇ ಪಿಸುಗುಟ್ಟಿತು.

"ಕಂಡಿದ್ದೆ," ಅಂದಳು.

ಗಂಡಸರು ಅಗೆದರು. ಬಾಯಾರಿದವರು ಇದ್ದ ಬದ್ದ ನೀರನ್ನೂ ಕುಡಿದು ಅಗೆದರು. ಹಾರೆಯ ಮೊನೆ ಮೊಂಡಾಯಿತು, ಕಾಯಿಸಿ ಬಡಿದು ಚೂಪು ಮಾಡಿ ಮತ್ತೆ ಅಗೆದರು. ಅವರು ಒಂದೇ ಗುಂಡಿಯಲ್ಲಿ ಬಡಿದಾಡುತ್ತಿರುವಾಗ ಬಿಸಿಲು ಬಂಡೆಯ ಮೈಯೆಲ್ಲ ನೆಕ್ಕಿ ಮುಗಿಸಿತು. ಕೊನೆಗೊಂದು ಮಧ್ಯಾಹ್ನ ಹಾರೆ ಠಣ್ ಅಂದು ಕಿಡಿ ಹಾರಿತು. ಕೆಳಗೆ ಇಡಿಗಲ್ಲು. ಕೆಂಡಗಣ್ಣ ಹಾರೆ ಬಿಟ್ಟು ಗುಂಡಿಯೊಳಗೇ ಕೂತುಬಿಟ್ಟ.

ಚೆನ್ನಾಜಿ ಮನೆಗೆ ಬಂದು ಅತ್ತೆಯ ಕಾಲ ಹತ್ತಿರ ಕೂತಳು. "ಅತ್ತೆ, ನಾನು ನೋಡ್ಲಿಲ್ಲ."

"ಯಾವತ್ತು ನೋಡ್ಲಿಲ್ಲ?"

"ಯಾವತ್ತೂ. ಕೂಸು ಹುಟ್ಟಿದ ಮ್ಯಾಲೆ ಒಂದು ದಿನಾನೂ ಹತ್ತಲಿಲ್ಲ."

ಜಡೆಮಾದಮ್ಮ ನವಿಲಿನ ಕತ್ತು ಅಂದೆಯಲ್ಲ ಅಂತ ಕೇಳಲಿಲ್ಲ. ಕೋಲು ತಡವಿ ಎದ್ದಳು. ಯಾರ ಕೈಯನ್ನೂ ಹಿಡಿಯದೆ ಬಂಡೆಗೆ ಹೋದಳು. ಸುಡುವ ಬಿಸಿಲಿನಲ್ಲಿ ಮಂಡಿಯೂರಿ, ಎರಡು ಅಂಗೈಯನ್ನೂ ಕಲ್ಲಿನ ಮೇಲೆ ಊರಿ, ಅಂಬೆಗಾಲಿಟ್ಟುಕೊಂಡು ಬಂಡೆಯನ್ನು ತಡವತೊಡಗಿದಳು. ತಣ್ಣನೆಯ ಜಾಗ ಎಲ್ಲಾದರೂ ಸಿಕ್ಕೀತೇ ಅಂತ. ಊರವರು ಕೆಳಗೆ ನಿಂತು ನೋಡಿದರು. ಚೆನ್ನಾಜಿಯ ಸುಳ್ಳು ಅಷ್ಟರಲ್ಲಿ ಊರಿಗೆಲ್ಲ ತಿಳಿದಿತ್ತು. ಮಗ ಹೋಗಿ ಎತ್ತಿಕೊಂಡು ಬರುವ ಹೊತ್ತಿಗೆ ಮುದುಕಿಯ ಅಂಗೈ ಬೊಬ್ಬೆ ಎದ್ದಿತ್ತು.

"ಎಲ್ಲಾ ಕಡೆ ಒಂದೇ ಬಿಸಿ ಕಣಪ್ಪ," ಅಂದಳು ಅವಳು. ಅಷ್ಟೇ ಅಂದದ್ದು.

ಊರು ಬೆಟ್ಟ ಇಳಿಯಿತು. ಒಂದೊಂದೇ ಮನೆ. ಆಡುಗಳನ್ನು ಹೊಡೆದುಕೊಂಡು, ಬೀಜದ ರಾಗಿಯ ಗಂಟು ಹೊತ್ತುಕೊಂಡು, ಬೀಸುಕಲ್ಲು ಹೊರಲಾಗದೆ ಬಿಟ್ಟು. ಚೆನ್ನಾಜಿಗೆ ಯಾರಾದರೂ ಬೈದಿದ್ದರೆ ಅವಳ ಹೊಟ್ಟೆ ಹಗುರಾಗುತ್ತಿತ್ತೋ ಏನೋ. ಯಾರೂ ಬೈಯಲಿಲ್ಲ. ಗುರುಬಸವಯ್ಯ ಮಾತ್ರ ಅವಳ ಮುಂದೆ ಹಾದು ಹೋಗುವಾಗ ನಿಂತ. "ನಮಗೂ ಮಂಡಿ ಇದ್ದವು ಕಣವ್ವ," ಅಂದ. "ಒಬ್ಬರಾದ್ರೂ ಊರಲಿಲ್ಲ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಅವಳಿಗೆ ಅದನ್ನು ಕೇಳಿ ತಾಳಲಾಗಲಿಲ್ಲ.

ಕೆಳಗೆ ಬಂದವರು ಒಬ್ಬರು ಆ ಊರು, ಒಬ್ಬರು ಈ ಊರು ಅಂತ ಚೆದುರಿ ಹೋದರು. ಕೆಂಡಗಣ್ಣ ಇಟ್ಟಿಗೆ ಗೂಡಿನಲ್ಲಿ ಕೆಲಸಕ್ಕೆ ಸೇರಿದ. ಗೂಡಿನ ಪಕ್ಕ ಒಂದು ತಗಡಿನ ಮನೆ. ನೀರಿಗೆ ಬೀದಿ ನಲ್ಲಿ. ಚೆನ್ನಾಜಿ ಕೊಡ ತುಂಬಿಕೊಂಡು ಬಂದು, ರೂಢಿ ಬಿಡದೆ, ಹೊಸಿಲ ಹೊರಗೆ ನಿಲ್ಲುತ್ತಿದ್ದಳು. ಒಳಗಿನಿಂದ ದನಿ ಬರುತ್ತಿರಲಿಲ್ಲ. ಮುದುಕಿ ಗೋಡೆಗೆ ಮುಖ ಮಾಡಿ ಕೂತಿರುತ್ತಿದ್ದಳು. ಒಂದಷ್ಟು ಹೊತ್ತು ನಿಂತು, ಇವಳೇ ಕೊಡ ಇಳಿಸಿಕೊಳ್ಳುತ್ತಿದ್ದಳು.

ಮಳೆಗಾಲ ಬಂತು, ಹೋಯಿತು. ದೀಪಾವಳಿ ಕಳೆದ ಮೇಲೆ ಚೆನ್ನಾಜಿ ಬೆಟ್ಟಕ್ಕೆ ಹೋಗಿ ಬರುತ್ತೇನೆ ಅಂದಳು. ಕೆಂಡಗಣ್ಣ ಬೇಡ ಅನ್ನಲಿಲ್ಲ, ಬರುತ್ತೇನೆ ಅಂತಲೂ ಅನ್ನಲಿಲ್ಲ. ಅವಳು ಕೂಸನ್ನು ಸೊಂಟಕ್ಕೆ ಕಟ್ಟಿಕೊಂಡು ಒಬ್ಬಳೇ ಹತ್ತಿದಳು. ಕೋಡುಬಂಡೆಯ ಮನೆಗಳ ಹುಲ್ಲು ಹಾರಿ ಹೋಗಿತ್ತು. ಬೀಸುಕಲ್ಲಿನ ಬಾಯಲ್ಲಿ ಮಳೆನೀರು ನಿಂತಿತ್ತು.

ಬಂಡೆಯ ಮೇಲೆ ಮಂಡಿಯೂರಿದಳು. ಹಳೆಯ ಜಾಗದಲ್ಲಿ ಏನೂ ಇರಲಿಲ್ಲ. ಅಲ್ಲಿಂದ ಅಂಗುಲ ಅಂಗುಲವಾಗಿ, ಅತ್ತೆ ಹೇಳಿಕೊಟ್ಟ ಹಾಗೆ, ಉಸಿರು ಬಿಗಿ ಹಿಡಿದು ಸರಿದಳು. ಹಾವಸೆಯ ಬಿಳಿ ಕಂಡಿತು, ಸಂದಿಯ ಹಳದಿ ಕಂಡಿತು. ಮಂಡಿಯ ಚರ್ಮ ಸುಲಿದು ರಕ್ತ ಬಂತು. ಹೊತ್ತು ಇಳಿಯುತ್ತಿರುವಾಗ, ಬಂಡೆಯ ಹಿಂಬದಿ, ಮುಳ್ಳುಪೊದೆಯ ಆಚೆ, ಒಂದು ಕಂಬಳಿಯಗಲದ ತೇವದ ಮೇಲೆ, ಎಳ್ಳುನೀಲಿ ಅರಳಿತ್ತು. ಒಂದು ಎರಡಲ್ಲ, ಆಕಾಶವನ್ನು ಕುಟ್ಟಿ ಜರಡಿ ಹಿಡಿದ ಹಾಗೆ. ಅವಳು ಯಾವಾಗಲೋ ಸುಳ್ಳು ಹೇಳಿದ್ದಳಲ್ಲ, ನವಿಲಿನ ಕತ್ತಿನ ಹಾಗೆ ಅಂತ. ಹಾಗೇ ಇತ್ತು.

ಅವಳು ಅತ್ತಳು. ಅತ್ತುಕೊಂಡೇ ಕಲ್ಲು ಹೊತ್ತು ತಂದು ಪೇರಿಸಿ ಗುರುತು ಇಟ್ಟಳು. ಸಾಕ್ಷಿಗೆ ಇರಲಿ ಅಂತ ಒಂದೇ ಒಂದು ಹೂ ಕಿತ್ತು ಎಲೆಯಲ್ಲಿ ಸುತ್ತಿ ಸೆರಗಿನಲ್ಲಿ ಕಟ್ಟಿಕೊಂಡಳು. ನೀರನ್ನೇ ತಂದು ತೋರಿಸಬಹುದಿತ್ತಲ್ಲ ಅನ್ನುತ್ತೀರಾ? ಮಳೆಗಾಲ ಕಳೆದ ಹೊಸತರಲ್ಲಿ ಬೆಟ್ಟದ ಎಲ್ಲ ಗುಂಡಿಯಲ್ಲೂ ನೀರಿರುತ್ತದೆ. ಬೇಸಗೆಗೂ ಉಳಿಯುವ ನೀರು ಯಾವುದು ಅಂತ ಹೇಳುವುದು ಆ ಹೂವೊಂದೇ.

ಇಳಿದು ಬಂದವಳು ಮನೆಮನೆಗೆ ಹೋದಳು. ಚೆದುರಿದ ಊರಿನವರನ್ನು ಹುಡುಕಿ ಹುಡುಕಿ ಹೇಳಿದಳು. ನೀರು ಸಿಕ್ಕಿದೆ, ನೀಲಿ ಕಂಡೆ, ಗುರುತು ಇಟ್ಟು ಬಂದಿದ್ದೇನೆ, ಹೋಗೋಣ ಬನ್ನಿ ಅಂದಳು. ಕೆಲವರು ಸುಮ್ಮನೆ ಕೇಳಿಸಿಕೊಂಡರು. ಕೆಲವರು ಒಳಗೆ ಕರೆದು ಕುಡಿಯುವುದಕ್ಕೆ ನೀರು ಕೊಟ್ಟರು. ಹಿಂದಿನ ಸಲವೂ ಕಂಬಳಿ ಹಾಸಿದಂಗೆ ಅಂದಿದ್ದೆಯಲ್ಲವ್ವ ಅಂತ ಒಬ್ಬಾಕೆ ನಕ್ಕಳು. ಅವಳು ಸೆರಗಿನ ಗಂಟು ಬಿಚ್ಚಿ ಎಲೆ ಬಿಡಿಸಿ ತೋರಿಸಿದಳು. ಎಲೆಯೊಳಗೆ ಒಂದು ಕಪ್ಪು ನೂಲಿನ ಎಳೆ ಇತ್ತು. ಗಾಳಿ ಬಂತು, ಅದೂ ಹೋಯಿತು.

ಗುರುಬಸವಯ್ಯನ ಮನೆಗೂ ಹೋದಳು. ಅವನು ಅವಳನ್ನು ಜಗಲಿಯ ಮೇಲೆ ಕೂರಿಸಿದ. ನೀನು ಹೇಳುತ್ತಿರುವುದು ನಿಜವೇ ಇದ್ದೀತು, ಆದರೆ ನಿನ್ನ ಮಾತು ನಂಬಿಕೊಂಡು ಮಕ್ಕಳುಮರಿ ಕಟ್ಟಿಕೊಂಡು ಇನ್ನೊಂದು ಸಲ ಹತ್ತುವ ಕಾಲು ನನಗಿಲ್ಲ, ಅಂದ.

ಕೊನೆಗೆ ಅವಳು ನಲ್ಲಿಯಲ್ಲಿ ಕೊಡ ತುಂಬಿ, ತಲೆಯ ಮೇಲೆ ಇಟ್ಟುಕೊಂಡು, ತನ್ನ ಮನೆಯ ಹೊಸಿಲ ಹೊರಗೆ ನಿಂತಳು. ಇವತ್ತು ಅತ್ತೆ ಕೇಳಿಯೇ ಕೇಳುತ್ತಾಳೆ ಅಂತ ನಿಂತಳು. ಬೆಟ್ಟಕ್ಕೆ ಹೋಗಿದ್ದು ಗೊತ್ತು, ಕೇಳದೆ ಇರುತ್ತಾಳೆಯೇ. ಕೊಡದ ನೀರು ತುಳುಕಿ ಕೆನ್ನೆಯ ಮೇಲೆ ಇಳಿಯಿತು. ಕತ್ತು ನೊಂದಿತು. ಒಳಗೆ ಸದ್ದಿಲ್ಲ.

"ಅತ್ತೆ," ಅಂದಳು, "ಎಳ್ಳುನೀಲಿ ಕಂಡೆ. ಬಂಡೆ ಹಿಂದೆ, ಮುಳ್ಳುಪೊದೆ ಆಚೆ. ಈ ಸಲ ಕಣ್ಣಾರೆ ಕಂಡೆ ಅತ್ತೆ."

ಜಡೆಮಾದಮ್ಮ ಗೋಡೆಯ ಕಡೆಯಿಂದ ಮುಖ ತಿರುಗಿಸಿದಳು. ಬೆಳ್ಳಗಾದ ಕಣ್ಣು ದನಿ ಬಂದ ಕಡೆ ನೆಟ್ಟಿತು. ಮುದುಕಿಯ ದನಿಯಲ್ಲಿ ಮೊದಲಿನ ಅಕ್ಕರೆಯೇ ಇತ್ತು, ಒಂದು ಚೂರೂ ಕಡಿಮೆ ಇರಲಿಲ್ಲ.

"ಕೊಡ ಇಳಿಸು ಮಗ," ಅಂದಳು. "ಕತ್ತು ನೋಯ್ತದೆ."

ಚೆನ್ನಾಜಿ ಕೊಡ ಇಳಿಸಿದಳು.

ಶಿವರಾತ್ರಿ ಬಂತು. ಬೆಟ್ಟದಲ್ಲಿ ಹೂ ಸುಟ್ಟು ಹೋಯಿತು. ಅವಳು ಪೇರಿಸಿದ ಕಲ್ಲು ಅಲ್ಲೇ ಇದೆ. ಕಲ್ಲಿನ ಬುಡದಲ್ಲಿ ನೀರೂ ಇದ್ದೀತು. ಕುಡಿಯುವವರಿಲ್ಲ.

ನೀತಿ: ಸಣ್ಣದನ್ನು ನೋಡುವ ಕೆಲಸ ಸಣ್ಣ ಕೆಲಸವಲ್ಲ. ಬಾಗಿ ನೋಡದೆ ಕಂಡೆ ಅಂತ ಹೇಳಬೇಡಿ, ಇನ್ನೊಬ್ಬರು ನೋಡಿಯಾರು ಅಂತ ಸುಮ್ಮನೆ ಕೂರಲೂ ಬೇಡಿ. ಬತ್ತಿದ ಒರತೆ ಮತ್ತೆಲ್ಲಾದರೂ ಸಿಕ್ಕೀತು ಮಕ್ಕಳೇ, ಬತ್ತಿದ ನಂಬಿಕೆಗೆ ಎಲ್ಲಿ ಅಗೆಯಬೇಕು ಅಂತ ಯಾವ ಹೂವೂ ತೋರಿಸುವುದಿಲ್ಲ.